ಧನಸಹಾಯ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕೋದು ಹೆಂಗ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಸ ಕಲಾವಿದರಿಗೆ

ನಮ್ಮ ಮೂರು ಜಿಲ್ಲಾದಾಗ ಕಲಾವಿದರಿಗೇನ್ ಬರ ಇಲ್ರಿ. ಕುಲಗೋಡ, ಕೌಜಲಗಿ ಕಡೆ ಹೋದ್ರ ಪಾರಿಜಾತ, ಬೈಲಹೊಂಗಲ ಕಡೆ ಸಂಗ್ಯಾ ಬಾಳ್ಯಾ ಅನ್ನೋ ಬಯಲಾಟಗಳು, ಹಲಸಂಗಿ ಅಂದ್ರ ಲಾವಣಿ, ಕರಡಿ ಮಜಲು ಡೊಳ್ಳು ಭಜನಿ ಅಂತೂ ಊರೂರಿಗೆ ಅದಾವ, ಬಾದಾಮಿ ಬನಶಂಕರಿ ಜಾತ್ರ್ಯಾಗ ಇವತ್ತಿಗೂ ನಾಟಕ ಕಂಪನಿಗಳು ಬಂದು ಥೇಟರ್ ಹಾಕ್ತಾವ. ಇದರ ಜೋಡಿ ಈಗ ಚಿತ್ರಾ ತಗಿಯೋ ಹುಡುಗ್ರು, ಮೂರ್ತಿ ಮಾಡೋರು, ಕಥಕ್ ಭರತನಾಟ್ಯ ಕಲಿತ ಹುಡುಗ್ಯಾರು, ಬೀದಿ ನಾಟಕದ ತಂಡಗಳು. ಆದ್ರ ಸರ್ಕಾರದ ಧನಸಹಾಯಕ್ಕೋ ಸ್ಕಾಲರ್‌ಶಿಪ್ಪಿಗೋ ಅರ್ಜಿ ಹಾಕ್ರೆಪಾ ಅಂದ್ರ "ನಮ್ಮಂಥೋರಿಗೆ ಯಾರ್ ಕೊಡ್ತಾರ್ರಿ, ಅದೆಲ್ಲಾ ಬೆಂಗಳೂರಿನವ್ರಿಗೆ" ಅಂತ ಸುಮ್ನ ಆಗಿಬಿಡ್ತಾರ. ನನಗ ಇದು ಭಾಳ ಬ್ಯಾಸರ ಆಗೋ ಮಾತು, ಯಾಕಂದ್ರ ಇವರಾಗ ಎಷ್ಟೋ ಮಂದಿ ಅರ್ಹರೇ ಇರ್ತಾರ, ಬರೇ ತೋರ್ಸಾಕ ಕೈಯಾಗ ಕಾಗದ ಇರಂಗಿಲ್ಲ. ಹಂಗಾಗಿ ಶುರುವಿನಿಂದ ಹೇಳ್ತೀನಿ, ಒಂದೊಂದೇ ಮಾಡ್ಕೋಂತ ಹೋಗ್ರಿ.

1. ಯೋಜನೆ ಹುಡುಕೋದು ಆಮೇಲೆ, ಮೊದಲು ಫೈಲ್ ಮಾಡ್ರಿ

ಅರ್ಜಿ ಕರೆದಾಗ ಕೊಡೋ ಟೈಮ್ ಕಡಿಮಿ ಇರ್ತೈತಿ. ಪೇಪರಿನ್ಯಾಗ ಪ್ರಕಟಣೆ ನೋಡಿ ಆಮೇಲೆ ಕಾಗದ ಹುಡುಕಾಕ ಕುಂತ್ರ ಕಡೇ ದಿನಾಂಕ ದಾಟಿರ್ತೈತಿ. ಹಂಗಾಗಿ ಇವತ್ತ ಒಂದು ಪ್ಲಾಸ್ಟಿಕ್ ಫೈಲ್ ತಗೊಂಡು ಆಧಾರ್, ಪ್ಯಾನ್, ಪಾಸ್‌ಬುಕ್ ಮೊದಲ ಪುಟ, ಜಾತಿ-ಆದಾಯ ಪ್ರಮಾಣಪತ್ರ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ನಾಲ್ಕು ಪಾಸ್‌ಪೋರ್ಟ್ ಫೋಟೋ ಅದರಾಗ ಹಾಕಿಡ್ರಿ, ಎಲ್ಲಾದನ್ನೂ ಸ್ಕ್ಯಾನ್ ಮಾಡಿ ನಿಮ್ಮ ಮೇಲ್‌ಗೆ ನೀವೇ ಕಳಿಸ್ಕೊಂಡಿಡ್ರಿ.

ಇಲ್ಲೇ ಮೊದಲ ಗಂಟು ಬರೋದು ಹೆಸರಿಂದು. ಆಧಾರದಾಗ "ಮಲ್ಲಪ್ಪ ಬಸಪ್ಪ" ಅಂತ ಇರ್ತೈತಿ, ಪಾಸ್‌ಬುಕ್ಕಿನ್ಯಾಗ "ಮಲ್ಲಿಕಾರ್ಜುನ ಬಿ", ಜಾತ್ರಿ ಹ್ಯಾಂಡ್‌ಬಿಲ್ಲಿನ್ಯಾಗ "ಮಲ್ಲು ಮಾಸ್ತರ". ಊರಿನ ಮಂದಿಗೆ ಮೂರೂ ಒಬ್ನೇ ಅಂತ ಗೊತ್ತು, ಕಚೇರಿಗೆ ಹೆಂಗ ಗೊತ್ತಾಗಬೇಕ್ರಿ? ಆಧಾರ್, ಬ್ಯಾಂಕ್, ಪ್ಯಾನ್ ಮೂರರಾಗೂ ಹೆಸರು ಒಂದೇ ಥರ ಮಾಡಿಸ್ರಿ, ಖಾತೆಗೆ ಆಧಾರ್ ಸೀಡಿಂಗ್ (ಆಧಾರ್ ನಂಬರ್ ಜೋಡಣೆ) ಆಗೇತೇನು ಅಂತ ಬ್ಯಾಂಕಿನ್ಯಾಗ ಕೇಳ್ರಿ, ಇನ್ಮುಂದ ಹ್ಯಾಂಡ್‌ಬಿಲ್ ಪ್ರಿಂಟ್ ಹಾಕಿಸೋವಾಗ ಆಧಾರದಾಗಿನ ಹೆಸರು ಹಾಕಿಸಿ ಅದರ ಮುಂದ ಬೇಕಾದ್ರ ಮಲ್ಲು ಮಾಸ್ತರ ಅಂತ ಸೇರಸ್ರಿ. ಮಂಜೂರಾದ ರೊಕ್ಕ ಖಾತೆಗೆ ಬೀಳದ ತಿರುಗಿ ಹೋಗೋದಕ್ಕ ಈ ಹೆಸರಿನ ಗೊಂದಲಾನೂ ಒಂದು ಕಾರಣ.

ಇನ್ನ ಕಲೆಯ ದಾಖಲೆ. ಆಡೋರು ಹಾಡೋರು ಬಾರ್ಸೋರು ಹ್ಯಾಂಡ್‌ಬಿಲ್, ಆಮಂತ್ರಣ ಪತ್ರಿಕೆ, ಪೇಪರ್ ಕಟಿಂಗ್ ಒಂದೂ ಒಗಿಬ್ಯಾಡ್ರಿ. ಕಟಿಂಗ್ ಮಾಡೋವಾಗ ಸುದ್ದಿ ಅಷ್ಟೇ ಕತ್ತರಿಸಿ ಇಡ್ತಾರ ಭಾಳ ಮಂದಿ, ಪತ್ರಿಕೆ ಹೆಸರು ಮತ್ತ ತಾರೀಖು ಕಾಣೋಹಂಗ ಇಡ್ರಿ. ಫೋಟೋದಾಗ ಹಿಂದಿನ ಬ್ಯಾನರ್ ಓದಾಕ ಬರಬೇಕು, ನಿಮ್ಮ ಮುಖಾನೂ ಕಾಣಬೇಕು. ಜಾತ್ರಿ ಕಮಿಟಿಯವ್ರು, ಮಠದವ್ರು, ಗ್ರಾಮ ಪಂಚಾಯ್ತಿಯವ್ರು ಕಾರ್ಯಕ್ರಮ ಮಾಡ್ಸಿದ್ರ ಮರುದಿನ ಮುಂಜಾನೆ ಸಂಭಾವನೆ ತಗೊಳ್ಳೋವಾಗ್ಲೇ ಅವರ ಲೆಟರ್‌ಹೆಡ್ಡಿನ ಮ್ಯಾಲೆ ನಾಲ್ಕು ಸಾಲು ಬರಿಸ್ಕೊಳ್ರಿ, ಇಂಥಾ ತಾರೀಖಿಗೆ ಇಂಥಾ ತಂಡ ಇಂಥಾ ಪ್ರಯೋಗ ಮಾಡಿತು ಅಂತ, ಸಹಿ ಮತ್ತ ಸೀಲ್. ಎರಡು ವರ್ಷ ಬಿಟ್ಟು ಹೋಗಿ ಕೇಳಿದ್ರ ಕಮಿಟಿನೇ ಬದಲಾಗಿರ್ತೈತಿ. ಫೋನಿನ್ಯಾಗ ಐದು ನಿಮಿಷದ ಒಂದು ವಿಡಿಯೋ, ಒಂದೇ ಟೇಕ್, ಎಡಿಟಿಂಗ್ ಇಲ್ದ, ಎಫೆಕ್ಟ್ ಇಲ್ದ, ಹಿಂದ ಡಿಜೆ ಸದ್ದು ಇರಬಾರ್ದು.

ಕಲಿತಿದ್ದಕ್ಕೂ ಪುರಾವೆ ಬೇಕು. ಗಂಧರ್ವ ಮಹಾವಿದ್ಯಾಲಯದ ಪರೀಕ್ಷೆ ನಮ್ಮ ಬೆಳಗಾವಿ ಕಡೆ ಭಾಳ ಮಂದಿ ಕಟ್ತಾರ, ಆ ಸರ್ಟಿಫಿಕೇಟ್ ಇಡ್ರಿ. ಸಂಗೀತ, ನೃತ್ಯದ ಜೂನಿಯರ್, ಸೀನಿಯರ್ ಪರೀಕ್ಷೆ ಆಗಿದ್ರ ಅದೂ ಇರ್ಲಿ. ಗುರುಗಳ ಹತ್ರ ಬಾಯಿಪಾಠದಿಂದ ಕಲ್ತವ್ರು ಗುರುಗಳಿಂದ ಪತ್ರ ಬರಿಸ್ಕೊಳ್ರಿ, ಎಷ್ಟು ವರ್ಷ, ಏನೇನ್ ಕಲ್ತೀರಿ ಅನ್ನೋದು ಸ್ಪಷ್ಟ ಇರ್ಲಿ. ಧಾರವಾಡ ಆಕಾಶವಾಣಿ, ವಿಜಯಪುರ ಆಕಾಶವಾಣಿ ಎರಡೂ ನಮಗ ಹತ್ರ ಅದಾವ, ಆಡಿಷನ್ ಕರೆದಾಗ ಕೊಡ್ರಿ. ಬಿ ಗ್ರೇಡ್ ಸಿಕ್ರೂ ಅದು ಯಾವ ಕಚೇರಿ ಮುಂದೂ ನಿಲ್ಲೋ ದಾಖಲೆ, ಮ್ಯಾಲೆ ಪ್ರೋಗ್ರಾಮಿಗೆ ಸಂಭಾವನೆನೂ ಬರ್ತೈತಿ.

ಚಿತ್ರಕಲಾವಿದರಿಗೆ ಬ್ಯಾರೇನ ಹೇಳ್ಬೇಕು. ಅವರದೆಲ್ಲಾ ಫೋಟೋ ಮ್ಯಾಲೇ ತೀರ್ಮಾನ ಆಗ್ತೈತಿ, ಮೂಲ ಚಿತ್ರಾ ಯಾರೂ ಮೊದಲು ನೋಡಂಗಿಲ್ಲ. ಟ್ಯೂಬ್‌ಲೈಟ್ ಕೆಳಗ ಗ್ವಾಡಿಗೆ ಆನಿಸಿ ಓರೆಯಾಗಿ ತೆಗೆದ ಫೋಟೋ ಕಳಿಸಿದ್ರ ಒಳ್ಳೇ ಕೆಲ್ಸಾನೂ ಹಾಳಾಗಿ ಕಾಣ್ತೈತಿ. ಮುಂಜಾನೆ ಹೊತ್ತಿಗೆ ಮನಿ ಪಡಸಾಲಿ ಅಥವಾ ಮಾಳಿಗಿ ಮ್ಯಾಲೆ ನೆರಳಿನ್ಯಾಗ ಇಡ್ರಿ, ನೇರ ಬಿಸಿಲು ಬೀಳಬಾರ್ದು, ಗಾಜಿನ ಫ್ರೇಮ್ ಇದ್ರ ತಗಿರಿ, ಫ್ಲ್ಯಾಶ್ ಬಂದ್ ಮಾಡ್ರಿ, ಫೋನ್ ಚಿತ್ರದ ನಡುಮಧ್ಯಕ್ಕ ನೇರ ಹಿಡೀರಿ. ಫೈಲಿಗೆ ಹೆಸರು ಕೊಡೋವಾಗ ನಿಮ್ಮ ಹೆಸರು, ಚಿತ್ರದ ಹೆಸರು, ಮಾಧ್ಯಮ, ಅಳತಿ, ವರ್ಷ ಇಷ್ಟೂ ಹಾಕ್ರಿ. ಹತ್ತು-ಹದಿನೈದು ಚಿತ್ರ ಸಾಕು, ಅವೂ ಒಂದಕ್ಕೊಂದು ಸಂಬಂಧ ಇರೋವು. ದೇವರ ಚಿತ್ರ, ಲ್ಯಾಂಡ್‌ಸ್ಕೇಪ್, ಸಿನಿಮಾ ನಟರ ಪೆನ್ಸಿಲ್ ಸ್ಕೆಚ್ ಎಲ್ಲಾ ಕಲಸಿ ಕಳಿಸಿದ್ರ ನೋಡೋರಿಗೆ ಈ ಹುಡುಗನ ಮನಸು ಎಲ್ಲಿ ಐತಿ ಅಂತಾನೇ ತಿಳಿಯಂಗಿಲ್ಲ. ಇಳಕಲ್ ಮಗ್ಗದ ಮನಿಗಳ್ನ ವರ್ಷಗಟ್ಲೆ ಬಿಡಿಸಿದ ಹುಡುಗಿ ಅವಷ್ಟೇ ಹನ್ನೆರಡು ಕಳಿಸಿದ್ರ ಆಯ್ಕೆ ಸಮಿತಿಗೆ ನೆನಪಿನ್ಯಾಗ ಉಳೀತಾಳ.

2. ಒಬ್ರೇ ಹಾಕ್ತೀರೋ, ತಂಡವಾಗಿ ಹಾಕ್ತೀರೋ

ಒಬ್ರೇ ಆದ್ರ ಸ್ಕಾಲರ್‌ಶಿಪ್, ಫೆಲೋಶಿಪ್, ವಾದ್ಯ-ವೇಷಭೂಷಣ ಖರೀದಿ, ಚಿತ್ರ ಪ್ರದರ್ಶನದ ಸಹಾಯ ಇಂಥವು ಸಿಗ್ತಾವ, ಸಂಘ ಬೇಕಾಗಂಗಿಲ್ಲ. ಕಾರ್ಯಕ್ರಮ ಮಾಡಾಕ, ನಾಟಕ ಕಟ್ಟಾಕ ದೊಡ್ಡ ರೊಕ್ಕ ಬೇಕಂದ್ರ ನೋಂದಾಯಿತ ಸಂಘ ಬೇಕಾಗ್ತೈತಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಮಂದಿ ಸದಸ್ಯರು ಬೇಕು, ಜಿಲ್ಲೆಯ ಸಂಘಗಳ ನೋಂದಣಾಧಿಕಾರಿ ಕಚೇರಿ ಒಳಗ ಆಗ್ತೈತಿ, ಅದು ಸಹಕಾರ ಇಲಾಖೆ ಕೈಕೆಳಗ ಬರ್ತೈತಿ. ನೋಂದಣಿ ಮಾಡ್ಸಿ ಸುಮ್ನಾಗೋ ಸಂಘಗಳೇ ಭಾಳ. ಪ್ರತಿ ವರ್ಷ ಆಡಿಟ್ ಮಾಡ್ಸಿ ಲೆಕ್ಕ ಸಲ್ಲಿಸಬೇಕು, ಇಲ್ಲಂದ್ರ ಸಂಘ ಕಾಗದದ ಮ್ಯಾಲೂ ಜೀವಂತ ಇರಂಗಿಲ್ಲ. ಧನಸಹಾಯಕ್ಕ ಸಾಮಾನ್ಯವಾಗಿ ಸಂಘ ಆಗಿ ಮೂರು ವರ್ಷ ಆಗಿರಬೇಕು, ಮೂರು ವರ್ಷದ ಆಡಿಟ್ ವರದಿ ಕೇಳ್ತಾರ. ದಿಲ್ಲಿ ಕಡೆ, ಅಂದ್ರ ಕೇಂದ್ರ ಸರ್ಕಾರಕ್ಕ ಅರ್ಜಿ ಹಾಕೋದಾದ್ರ ಎನ್‌ಜಿಒ ದರ್ಪಣ್ ಅನ್ನೋ ಕೇಂದ್ರದ ಪೋರ್ಟಲ್ಲಿನ್ಯಾಗ ಸಂಘ ನೋಂದಾಯಿಸಿದ ನಂಬರ್ ಕೂಡ ಬೇಕು. ಇವತ್ತ ಸಂಘ ಮಾಡಿ ನಾಳೆ ರೊಕ್ಕ ಕೇಳೋದು ಆಗಂಗಿಲ್ಲ, ಹಂಗಾಗಿ ಈಗ ಇಪ್ಪತ್ತರ ಆಸುಪಾಸಿನ ಹುಡುಗ್ರು ತಂಡ ಕಟ್ಟಿದ್ರ ಮೊದಲ ವರ್ಷಾನೇ ನೋಂದಣಿ ಮಾಡ್ಸಿ ಬಿಡ್ರಿ.

3. ಯಾರ ಬಾಗಿಲು ಬಡೀಬೇಕು

ಜಿಲ್ಲಾ ಕೇಂದ್ರದಾಗ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿ ಐತಿ, ಮೊದಲ ಅಲ್ಲಿ ಹೋಗಿ ಮುಖಾ ತೋರಿಸ್ರಿ, ನಿಮ್ಮ ಪರಿಚಯ ಪತ್ರ ಒಂದು ಕೊಟ್ಟು ಬರ್ರಿ. ಇಲಾಖೆಯ ಚಿಗುರು ಮಕ್ಕಳಿಗೆ, ಯುವ ಸೌರಭ ಹರೆಯದವ್ರಿಗೆ, ಜನಪರ ಉತ್ಸವ, ಸಾಂಸ್ಕೃತಿಕ ಸೌರಭ ಹಿಂಗ ಕಾರ್ಯಕ್ರಮಗಳು ಇರ್ತಾವ, ಅವಕ್ಕ ತಂಡ ಹುಡುಕೋದು ಈ ಕಚೇರಿಯಿಂದಾನ. ಮತ್ತ ನಮ್ಮ ಕಡೆ ಉತ್ಸವಗಳೂ ಕಡಿಮಿ ಇಲ್ಲ, ಕಿತ್ತೂರು ಉತ್ಸವ, ಸಂಗೊಳ್ಳಿ ಉತ್ಸವ, ಚಾಲುಕ್ಯ ಉತ್ಸವ, ಮುಧೋಳದ ರನ್ನ ಉತ್ಸವ, ವಿಜಯಪುರದ ನವರಸಪುರ ಉತ್ಸವ. ಕಿತ್ತೂರು ಉತ್ಸವ ಅಕ್ಟೋಬರ್ ಕಡೇ ವಾರದ ಹೊತ್ತಿಗೆ ಇರ್ತೈತಿ ಅಂದ್ರ ಆಗಸ್ಟ್-ಸೆಪ್ಟೆಂಬರದಾಗೇ ಅರ್ಜಿ ಕೊಟ್ಟಿರಬೇಕು, ವೇದಿಕೆ ಕಟ್ಟಿದ ಮ್ಯಾಲೆ ಹೋಗಿ ಕೇಳಿದ್ರ ಅವ್ರರೇ ಏನ್ ಮಾಡ್ತಾರ? ಈ ವೇದಿಕೆಗಳು ಧನಸಹಾಯ ಅಲ್ಲದಿದ್ರೂ ನಿಮ್ಮ ಫೈಲಿಗೆ ತೂಕ ತರ್ತಾವ.

ಇಲಾಖೆಯದೇ ಇನ್ನೊಂದು ಐತಿ, ವೈಯಕ್ತಿಕವಾಗಿ ವಾದ್ಯ ಪರಿಕರ, ವೇಷಭೂಷಣ ಖರೀದಿಗೆ, ಚಿತ್ರಕಲೆ-ಶಿಲ್ಪಕಲೆ ಪ್ರದರ್ಶನಕ್ಕ ಧನಸಹಾಯ ಅಂತ. ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ಆನ್‌ಲೈನ್ ಪೋರ್ಟಲ್ ಒಳಗ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ವಿಶೇಷ ಘಟಕ ಯೋಜನೆ, ಗಿರಿಜನ ಉಪಯೋಜನೆ ಒಳಗ ಬ್ಯಾರೆ ಅನುದಾನ ಇರ್ತೈತಿ. ಹಲಗಿ, ಚೌಡಿಕಿ, ಸಂಬಾಳ ಬಾರ್ಸೋ ನಮ್ಮ ಹುಡುಗ್ರು ಇದನ್ನ ಕೇಳಬೇಕು, ಕೇಳೋದು ನಾಚಿಕಿ ವಿಷಯ ಅಲ್ರಿ, ಅದು ನಿಮ್ಮ ಹೆಸರಿನ್ಯಾಗೇ ಇಟ್ಟ ರೊಕ್ಕ.

ಅಕಾಡೆಮಿಗಳು ಬೆಂಗಳೂರಿನ್ಯಾಗೇ ಎಲ್ಲಾ ಅಂತ ತಿಳಕೊಂಡೀರಿ ಅಲಾ? ಕರ್ನಾಟಕ ಬಯಲಾಟ ಅಕಾಡೆಮಿ ಬಾಗಲಕೋಟೆಯಾಗೇ ಐತಿ. 2017ರಾಗ ಯಕ್ಷಗಾನ ಅಕಾಡೆಮಿಯಿಂದ ಬ್ಯಾರೆ ಆಗಿ ನಮ್ಮ ಮನಿ ಅಂಗಳಕ್ಕ ಬಂತು. ಸಣ್ಣಾಟ, ದೊಡ್ಡಾಟ, ಪಾರಿಜಾತ, ಗೊಂಬಿಯಾಟದವ್ರಿಗೆ ಅದೇ ಮೊದಲ ಬಾಗಿಲು, ಗಂಟೆಯೊಳಗ ಬಸ್ಸಿಗೆ ಹೋಗಿ ಬರೋವಷ್ಟು ಹತ್ರ ಇರೋರೂ ಒಮ್ಮೆನೂ ಹೋಗಿಲ್ಲ ಅನ್ನೋದು ನನಗ ತಡಕೊಳ್ಳಾಕ ಆಗಂಗಿಲ್ಲ. ಚಿತ್ರಕ್ಕ ಲಲಿತಕಲಾ ಅಕಾಡೆಮಿ, ಮೂರ್ತಿಗೆ ಶಿಲ್ಪಕಲಾ, ನಾಟಕಕ್ಕ ನಾಟಕ ಅಕಾಡೆಮಿ, ಹಾಡು ಕುಣಿತಕ್ಕ ಸಂಗೀತ ನೃತ್ಯ, ಜಾನಪದಕ್ಕ ಜಾನಪದ ಅಕಾಡೆಮಿ. ಲಲಿತಕಲಾ ಅಕಾಡೆಮಿ ವಾರ್ಷಿಕ ಕಲಾ ಪ್ರದರ್ಶನಕ್ಕ ಕೃತಿ ಕರೀತೈತಿ, ಹೊಸಬ್ರು ಅಲ್ಲಿಂದ ಶುರು ಮಾಡೋದು ಒಳ್ಳೇದು.

ಕೇಂದ್ರದ್ದು ವಯಸ್ಸಿನ ಪ್ರಕಾರ ನೋಡ್ರಿ. ಮನಿಯಾಗ 10ರಿಂದ 14 ವರ್ಷದ ಮಗು ಹಾಡ್ತೈತಿ ಕುಣೀತೈತಿ ಚಿತ್ರಾ ತಗೀತೈತಿ ಅಂದ್ರ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಅನ್ನೋ ಸಂಸ್ಥೆ ಕೊಡೋ ಸಾಂಸ್ಕೃತಿಕ ಪ್ರತಿಭಾ ಶೋಧ ಸ್ಕಾಲರ್‌ಶಿಪ್ ಐತಿ, ವರ್ಷಕ್ಕ 3600 ರೂಪಾಯಿ ಮತ್ತ ಗುರುಗಳ ಫೀಸಿಗೆ ಬ್ಯಾರೆ. ಮೊತ್ತ ಸಣ್ಣದು ಅನ್ಸಬಹುದು, ಆದ್ರ ಕಲಿಕಿ ಮುಂದುವರೆಸಿದ್ರ ವರ್ಷಗಟ್ಲೆ ನಡೀತೈತಿ. 18ರಿಂದ 25ರವರಿಗೆ ಸಂಸ್ಕೃತಿ ಮಂತ್ರಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್, ತಿಂಗಳಿಗೆ 5000 ರೂಪಾಯಿಯಂಗ 2 ವರ್ಷ, ಇಡೀ ದೇಶಕ್ಕ 400 ಮಂದಿಗೆ. ಇದಕ್ಕ ಕನಿಷ್ಠ 5 ವರ್ಷ ಗುರುಗಳ ಹತ್ರ ಕಲ್ತಿರಬೇಕು, ಸಂದರ್ಶನದಾಗ ಹಾಡಿ ಅಥವಾ ಮಾಡಿ ತೋರಸ್ಬೇಕು. ಶಾಸ್ತ್ರೀಯ ಸಂಗೀತ, ನೃತ್ಯ ಅಷ್ಟೇ ಅಲ್ಲ, ರಂಗಭೂಮಿ, ದೃಶ್ಯಕಲೆ, ಜಾನಪದ ಎಲ್ಲಾ ಬರ್ತಾವ ಇದರಾಗ, ಹಿಂಗಾಗಿ ಡೊಳ್ಳಿನ ಪದ ಹಾಡೋ ಹುಡುಗಾನೂ ಹಾಕಬಹುದು. 25ರಿಂದ 40ರವರಿಗೆ ಜೂನಿಯರ್ ಫೆಲೋಶಿಪ್, ತಿಂಗಳಿಗೆ 10,000, ಅದೂ 2 ವರ್ಷ, ಇದು ಸಂಶೋಧನೆಗೆ ಕೊಡೋದು, ಒಂದು ವಿಷಯ ಇಟ್ಕೊಂಡು ಕೆಲ್ಸ ಮಾಡೋರಿಗೆ. 40 ದಾಟಿದವ್ರಿಗೆ ಸೀನಿಯರ್, 20,000. ನೋಂದಾಯಿತ ಸಂಘಗಳಿಗೆ ಕಾರ್ಯಕ್ರಮ ಮತ್ತ ನಾಟಕ ನಿರ್ಮಾಣಕ್ಕ ಅನುದಾನದ ಯೋಜನೆ ಐತಿ, ಸಾಮಾನ್ಯವಾಗಿ 5 ಲಕ್ಷದ ತನಕ. ಇವೆಲ್ಲಾ ವರ್ಷಾ ಒಂದೇ ತಿಂಗಳಿಗೆ ಬರಂಗಿಲ್ಲ, ಮೊತ್ತಾನೂ ಬದಲಾಗ್ಬಹುದು, ಕರೆದಾಗ ನಿಯಮ ಪೂರಾ ಓದ್ರಿ.

ಕೇಂದ್ರ ಸರ್ಕಾರದ ವಲಯ ಸಾಂಸ್ಕೃತಿಕ ಕೇಂದ್ರಗಳನ್ನ ನಮ್ಮವ್ರು ಮರ್ತೇ ಬಿಟ್ಟಾರ. ಕರ್ನಾಟಕ ಎರಡಕ್ಕ ಸದಸ್ಯ ಐತಿ, ತಂಜಾವೂರಿನ ದಕ್ಷಿಣ ವಲಯ, ನಾಗಪುರದ ದಕ್ಷಿಣ ಮಧ್ಯ ವಲಯ. ಎರಡರಾಗೂ ತಂಡದ ಹೆಸರು ನೋಂದಾಯ್ಸಿ ಇಟ್ರ ಹೊರರಾಜ್ಯದ ಉತ್ಸವಕ್ಕ ಕರೀತಾರ, ಸಂಭಾವನೆ ಮತ್ತ ಪ್ರಯಾಣದ ಖರ್ಚು ಅವ್ರೇ ನೋಡ್ಕೋತಾರ.

ಖಾಸಗಿ ಒಳಗ ನಾನು ಮೊದಲು ಹೇಳೋದು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಾಗ ಶುರುವಾದ ಸಂಸ್ಥೆ, ಕಲೆಗೆ ಸಂಬಂಧಿಸಿದ ಸಂಶೋಧನೆ, ಹೊಸ ಪ್ರಯೋಗ, ಕಲಾ ಶಿಕ್ಷಣ ಮೂರಕ್ಕೂ ಅನುದಾನ ಕೊಡ್ತೈತಿ. ಪ್ರಸ್ತಾವನೆ ಕನ್ನಡದಾಗೇ ಬರೆದು ಕಳಿಸಬಹುದು! ಇಂಗ್ಲಿಷ್ ಬರಂಗಿಲ್ಲ ಅಂತ ಹಿಂಜರಿಯೋರು ಇದನ್ನ ಎರಡು ಸಲ ಓದ್ರಿ. ಸರ್ಕಾರಿ ಶಾಲಿ ಮಾಸ್ತರರು ಮಕ್ಕಳ ಜೋಡಿ ಸ್ಥಳೀಯ ಕಲೆ ಇಟ್ಕೊಂಡು ಕೆಲ್ಸ ಮಾಡಾಕೂ ಅವರ ಕಲಾ ಶಿಕ್ಷಣ ವಿಭಾಗ ಕೊಡ್ತೈತಿ.

ಶಿಲ್ಪಿಗಳು, ಗೋಕಾಕದ ಮರದ ಗೊಂಬಿ ಮಾಡೋರು ಪಿಎಂ ವಿಶ್ವಕರ್ಮ ಯೋಜನೆ ನೋಡ್ರಿ. 2023ರಾಗ ಶುರುವಾತು, 18 ಕಸುಬಿನ್ಯಾಗ ಶಿಲ್ಪಿ ಮತ್ತ ಗೊಂಬಿ-ಆಟಿಕಿ ಮಾಡೋರು ಅದಾರ. ತರಬೇತಿ ತಗೊಳ್ಳೋವಾಗ ದಿನಕ್ಕ 500 ರೂಪಾಯಿ ಭತ್ಯೆ, ಸಾಮಾನಿಗೆ 15,000ದ ವೋಚರ್, ಆಮೇಲೆ 5 ಪರ್ಸೆಂಟ್ ಬಡ್ಡಿಗೆ ಸಾಲ, ಮೊದಲು 1 ಲಕ್ಷ, ಅದನ್ನ ತೀರಿಸಿದ್ರ 2 ಲಕ್ಷ. ಸಾಲ ಸಾಲಾನೇ, ತಿರುಗಿ ಕಟ್ಟಬೇಕು ಅನ್ನೋದು ತಲಿಯಾಗ ಇರ್ಲಿ.

4. ಬರೆಯೋದು

ಅರ್ಧ ಅರ್ಜಿ ಬೀಳೋದು ಇಲ್ಲೇ. "ನಾನು ಬಡ ಕಲಾವಿದನಾಗಿದ್ದು, ಕಲೆಯನ್ನು ಉಳಿಸಿ ಬೆಳೆಸುವುದು ನನ್ನ ಗುರಿಯಾಗಿದೆ, ದಯಮಾಡಿ ಸಹಾಯಧನ ನೀಡಬೇಕು" ಅಂತ ನೂರು ಮಂದಿ ಬರೀತಾರ, ಓದೋರಿಗೆ ನೂರೂ ಒಂದೇ. ಅದೇ ಹುಡುಗ ಹಿಂಗ ಬರೆದ್ರ ನೋಡ್ರಿ:

"ನಾನು 9 ವರ್ಷದಿಂದ ನಮ್ಮೂರಿನ ಪಾರಿಜಾತ ಮೇಳದಲ್ಲಿ ಹಿಮ್ಮೇಳ ಹಾಡುತ್ತೇನೆ. ಮೇಳಕ್ಕೆ ಸ್ವಂತ ಹಾರ್ಮೋನಿಯಂ ಇಲ್ಲ, ಪ್ರತಿ ಆಟಕ್ಕೆ ಬಾಡಿಗೆಗೆ ತರುತ್ತೇವೆ, ಅದರಿಂದ ದಿನಾ ತಾಲೀಮು ಮಾಡಲು ಆಗುತ್ತಿಲ್ಲ. ಹಾರ್ಮೋನಿಯಂ ಸಿಕ್ಕರೆ 6 ತಿಂಗಳಲ್ಲಿ ಊರಿನ 8 ಮಕ್ಕಳಿಗೆ ಕೊರವಂಜಿ ಪ್ರಸಂಗದ ಪದಗಳನ್ನು ಕಲಿಸಿ ಶಿವರಾತ್ರಿಗೆ ಗುಡಿಯ ಮುಂದೆ ಪ್ರಯೋಗ ಮಾಡುತ್ತೇವೆ. ಪದಗಳನ್ನು ನಮ್ಮ ಹಿರಿಯ ಭಾಗವತರಿಂದ ಬರೆದುಕೊಂಡು ಧ್ವನಿ ಮುದ್ರಿಸಿಡುತ್ತೇವೆ."

ಯಾರು, ಏನ್ ಬೇಕು, ಯಾಕ ಬೇಕು, ಸಿಕ್ರ ಏನ್ ಮಾಡ್ತೀರಿ, ಯಾವಾಗ, ಎಲ್ಲಾ ಬಂತು. ಬಡತನದ ಮಾತು ಆದಾಯ ಪ್ರಮಾಣಪತ್ರಾನೇ ಹೇಳ್ತೈತಿ, ನೀವು ಕೆಲ್ಸದ ಬಗ್ಗೆ ಬರೀರಿ. ಮಾಡಾಕ ಆಗದ್ದನ್ನ ಬರೀಬ್ಯಾಡ್ರಿ, 8 ಮಕ್ಕಳು ಅಂದ್ರ 8 ಮಕ್ಕಳಿಗೆ ಕಲಿಸ್ಬೇಕಾಗ್ತೈತಿ. ಬರೆದ ಮ್ಯಾಲೆ ಕಲೆ ಗೊತ್ತಿಲ್ಲದ ಒಬ್ರಿಗೆ, ಅಂದ್ರ ನಿಮ್ಮ ಅಕ್ಕನಿಗೋ ಕಿರಾಣಿ ಅಂಗಡಿಯವ್ರಿಗೋ ಓದಿ ಹೇಳ್ರಿ, ಅವ್ರಿಗೆ ತಿಳಿದ್ರ ಸರಿ ಐತಿ ಅಂತ.

5. ಖರ್ಚಿನ ಪಟ್ಟಿ

"ಅಂದಾಜು 50,000" ಅಂತ ಒಂದೇ ಸಾಲು ಬರೆದ್ರ ನಂಬಂಗಿಲ್ಲ. ತಂಬೂರಿ, ಸಿತಾರ್ ಬೇಕಂದ್ರ ನಮಗ ಮೀರಜ್ ಹತ್ರ, ಅಲ್ಲಿ ತಂತಿವಾದ್ಯ ಮಾಡೋ ಮನೆತನಗಳೇ ಅದಾವ, ಹೋಗಿ ಕೊಟೇಶನ್ ತಗೊಂಡು ಬರ್ರಿ, ಅಂಗಡಿ ಹೆಸರು, ಜಿಎಸ್‌ಟಿ ನಂಬರ್, ಸೀಲ್, ತಾರೀಖು ಇರಬೇಕು, ಎರಡು ಮೂರು ಅಂಗಡಿದು ಇದ್ರ ಇನ್ನೂ ಚಲೋ. ಚಿತ್ರ ಪ್ರದರ್ಶನಕ್ಕ ಫ್ರೇಮ್, ಹಾಲ್ ಬಾಡಿಗಿ, ಟೆಂಪೋ ಬಾಡಿಗಿ, ಆಮಂತ್ರಣ ಪ್ರಿಂಟ್, ಬ್ಯಾನರ್ ಹಿಂಗ ಬಿಡಿಬಿಡಿಯಾಗಿ ಬರೀರಿ. ನಾಟಕಕ್ಕ ಬೆಳಗಾವಿಯ ಕುಮಾರ ಗಂಧರ್ವ ಕಲಾಮಂದಿರ ಇರ್ಲಿ, ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರ ಇರ್ಲಿ, ಬಾಡಿಗಿ ಎಷ್ಟು ಅಂತ ಅಲ್ಲೇ ಕೇಳಿ ಬರೀರಿ. ನಟರ, ವಾದ್ಯದವರ ಸಂಭಾವನೆ ಬರಿಯಾಕ ನಾಚಬ್ಯಾಡ್ರಿ, ನಿಯಮದಾಗ ಅವಕಾಶ ಇದ್ರ ನಿಮ್ಮದೂ ಬರೀರಿ. ಕಲಾವಿದ ಪುಕ್ಕಟೆ ದುಡೀಬೇಕು ಅಂತ ಎಲ್ಲೂ ಬರದಿಲ್ಲ.

6. ಅರ್ಜಿ ಹಾಕೋದು, ಬೆನ್ನ ಹತ್ತೋದು

ಸೇವಾ ಸಿಂಧು ಮೊಬೈಲಿನ್ಯಾಗೂ ಆಗ್ತೈತಿ, ತೊಡಕು ಅನ್ಸಿದ್ರ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಕ್ಕ ಹೋಗ್ರಿ. ಅಲ್ಲಿ ನಿಮ್ಮ ಸ್ವಂತ ಮೊಬೈಲ್ ನಂಬರ್ ಕೊಡ್ರಿ, ಕೂತವ್ರ ನಂಬರ್ ಹಾಕಿದ್ರ ಮುಂದ ಬರೋ ಮೆಸೇಜ್ ಎಲ್ಲಾ ಅವರಿಗೇ ಹೋಗ್ತಾವ. ಸ್ವೀಕೃತಿ ನಂಬರ್ ಪ್ರಿಂಟ್ ತಗೊಂಡು ಫೈಲಿಗೆ ಹಾಕ್ರಿ. ಕಡೇ ದಿನ ಹಾಕಬ್ಯಾಡ್ರಿ, ಸರ್ವರ್ ಕೈ ಕೊಡೋದು ಅವತ್ತೇ. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಸ್ಟೇಟಸ್ ನೋಡ್ರಿ, ದಾಖಲೆ ಕೊರತಿ ಅಂತ ವಾಪಸ್ ಬಂದಿದ್ರ ಬೇಗ ಸರಿ ಮಾಡಿ ಕಳಸ್ರಿ.

ನಡುವ ಯಾರರೇ ಬಂದು "ನಾ ಮಾಡಸ್ತೀನಿ, ಬಂದ ರೊಕ್ಕದಾಗ ಇಷ್ಟು ಪರ್ಸೆಂಟ್ ಕೊಡು" ಅಂದ್ರ ಕೊಡಬ್ಯಾಡ್ರಿ. ಒಟಿಪಿ ಅಂತೂ ಯಾರಿಗೂ ಹೇಳಬ್ಯಾಡ್ರಿ, ಖಾಲಿ ಹಾಳಿ ಮ್ಯಾಲೆ, ಖಾಲಿ ಚೆಕ್ಕಿನ ಮ್ಯಾಲೆ ಸಹಿ ಮಾಡಬ್ಯಾಡ್ರಿ. ಹಿರಿಯ ಕಲಾವಿದರ ಹೆಸರಿನ್ಯಾಗ ಬಂದ ರೊಕ್ಕ ಬ್ಯಾರೆಯವ್ರ ಪಾಲಾಗಿದ್ದನ್ನ ನಮ್ಮ ಕಡೆ ಮಂದಿ ಕಣ್ಣಾರೆ ಕಂಡಾರ, ಆ ಹೊಟ್ಟಿ ಉರಿ ಹೊಸಬ್ರಿಗೆ ಬರಬಾರ್ದು.

ಸಂದರ್ಶನಕ್ಕ ಕರೆದ್ರ ನಿಮ್ಮ ವಾದ್ಯ ನೀವೇ ಒಯ್ರಿ, ಶ್ರುತಿ ಪೆಟ್ಟಿಗಿ ಅಲ್ಲಿ ಸಿಗ್ತೈತಿ ಅಂತ ನಂಬಿ ಹೋಗಬ್ಯಾಡ್ರಿ. ಐದು ನಿಮಿಷದಾಗ ತೋರಿಸೋ ತುಣುಕು ಒಂದು, ಎರಡು ನಿಮಿಷದ್ದು ಒಂದು ತಯಾರ ಇಟ್ಕೊಳ್ರಿ, ಯಾಕಂದ್ರ ನಡುವೇ ಸಾಕು ಅಂತಾರ, ಅದಕ್ಕ ಎದಿ ಒಡಕೋಬ್ಯಾಡ್ರಿ. ಗುರು ಯಾರು, ಈ ಪದ ಎಲ್ಲಿಂದ ಬಂತು, ಯಾವ ರಾಗ, ಯಾವ ತಾಳ ಅಂತ ಕೇಳ್ತಾರ. ನಮ್ಮ ಭಾಷೆಯಾಗೇ ಉತ್ತರ ಕೊಡ್ರಿ, ಹಿಂದಿ ಇಂಗ್ಲಿಷ್ ಬರದಿದ್ರ ಮೊದಲೇ ಹೇಳ್ರಿ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂದ್ರ ಯಾರೂ ಮಾರ್ಕ್ಸ್ ಕಡಿಯಂಗಿಲ್ಲ.

ಸಿಗಲಿಲ್ಲ ಅಂದ್ರ ಯಾಕ ಸಿಗಲಿಲ್ಲ ಅಂತ ಕೇಳ್ರಿ, ಬರವಣಿಗಿಯಾಗ ಕೇಳ್ರಿ. ದಾಖಲೆ ಕಡಿಮಿ ಆಗಿದ್ರ ಮುಂದಿನ ಸಲಕ್ಕ ತುಂಬ್ಸಾಕ ಬರ್ತೈತಿ, ಯೋಜನೆನೇ ನಿಮಗ ಹೊಂದಂಗಿಲ್ಲ ಅಂದ್ರ ಬ್ಯಾರೆ ಬಾಗಿಲು ನೋಡಾಕ ಬರ್ತೈತಿ.

7. ರೊಕ್ಕ ಬಂದ ಮ್ಯಾಲೆ

ಯಾವುದಕ್ಕ ಅಂತ ಬರೆದಿರೋ ಅದಕ್ಕೇ ಖರ್ಚು ಮಾಡ್ರಿ. ಹಾರ್ಮೋನಿಯಂಗೆ ಅಂತ ಬಂದದ್ದು ಮನಿ ಲಗ್ನಕ್ಕ ಹೋದ್ರ ಮುಂದ ನಿಮ್ಮ ಹೆಸರೂ ಕೆಡ್ತೈತಿ, ನಿಮ್ಮ ಊರಿಂದ ಮುಂದ ಹೋಗೋ ಹುಡುಗನ ಹೆಸರೂ ಕೆಡ್ತೈತಿ. ಬಿಲ್ ಎಲ್ಲಾ ನಿಮ್ಮ ಹೆಸರಿಗೇ ಇರ್ಲಿ, ಆದಷ್ಟು ಬ್ಯಾಂಕಿಂದ ಅಥವಾ ಫೋನ್ ಪೇ ಇಂದ ಕೊಡ್ರಿ, ಕೈರೊಕ್ಕ ಕೊಟ್ರ ರಸೀದಿ ಮ್ಯಾಲೆ ಸಹಿ ಹಾಕಿಸ್ರಿ. ಬಿಲ್ಲಿನ ಮಸಿ ಆರು ತಿಂಗಳಿಗೆ ಅಳಿಸಿ ಹೋಗ್ತೈತಿ, ಬಂದ ದಿನಾನೇ ಜೆರಾಕ್ಸ್ ಮಾಡಸ್ರಿ. ಸಂಘದವ್ರು ಹಣ ಬಳಕೆ ಪ್ರಮಾಣಪತ್ರ ಲೆಕ್ಕ ಪರಿಶೋಧಕರಿಂದ ಮಾಡಿಸಿ ಹೇಳಿದ ದಿನದೊಳಗ ಕೊಡ್ರಿ, ಅದು ಬಾಕಿ ಉಳಿದ್ರ ಎರಡನೇ ಕಂತು ನಿಂತು ಹೋಗ್ತೈತಿ, ಮುಂದಿನ ವರ್ಷದ ಅರ್ಜಿನೂ ಮುಂದ ಹೋಗಂಗಿಲ್ಲ. ಜೋಡಿಗೆ ಕಾರ್ಯಕ್ರಮದ ನಾಲ್ಕು ಫೋಟೋ, ಪೇಪರ್ ಕಟಿಂಗ್, ಕಲಿತ ಮಕ್ಕಳ ಹೆಸರಿನ ಪಟ್ಟಿ ಹಚ್ಚಿ ಒಂದು ಸೆಟ್ ಕಚೇರಿಗೆ ಕೊಟ್ಟು, ಸೀಲ್ ಹಾಕಿಸ್ಕೊಂಡ ಇನ್ನೊಂದು ಸೆಟ್ ನಿಮ್ಮ ಫೈಲಿನ್ಯಾಗ ಇಡ್ರಿ, ಮುಂದಿನ ಅರ್ಜಿಗೆ ಅದನ್ನೇ ಮೊದಲು ಹಚ್ಚಬೇಕಾಗ್ತೈತಿ.